ಹಿರಿಯರ ಆರೈಕೆ: ಪ್ರೀತಿಯೊಂದೇ ಸಾಲದು, ಕಲಿಕೆಯೂ ಬೇಕು

(ಶ್ರೀಮಠದ ಮಾಸಿಕ ಅನುಭಾವ ಗೋಷ್ಠಿಯಲ್ಲಿ ನಿವೃತ್ತ ಇಂಜಿನಿಯರರೊಬ್ಬರು ಮಾಡಿದ ಉಪನ್ಯಾಸದ ಬರಹರೂಪ)

 

ಹಿರಿಯರ ಆರೈಕೆಯ ಬಗ್ಗೆ ಮಾತಾಡಲು ಒಬ್ಬ ಇಂಜಿನಿಯರನನ್ನು ಕರೆದಿದ್ದೀರಿ. ನಾನು ಡಾಕ್ಟರನಲ್ಲ. 34 ವರ್ಷ ನೀರಾವರಿ ಇಲಾಖೆಯಲ್ಲಿ ಕಾಲುವೆ, ತೂಬು, ಗೇಟುಗಳ ನಡುವೆ ಕಳೆದವನು. ಆದ್ದರಿಂದ ಮೊದಲೇ ಹೇಳಿಬಿಡುತ್ತೇನೆ, ನನ್ನ ಮಾತು ಕೇಳಿ ಯಾರೂ ಯಾವ ಗುಳಿಗೆಯನ್ನೂ ನಿಲ್ಲಿಸಬೇಡಿ. ನಾನು ಹೇಳಲು ಹೊರಟಿರುವುದು ಚಿಕಿತ್ಸೆಯ ವಿಷಯವಲ್ಲ, ಕಲಿಸುವ ವಿಷಯ. ವಯಸ್ಸಾದವರನ್ನು ನೋಡಿಕೊಳ್ಳುವ ಡಾಕ್ಟರು, ನರ್ಸು, ಆಯಾ, ಮನೆಯವರು ಆ ಕೆಲಸವನ್ನು ಎಲ್ಲಿ ಕಲಿಯುತ್ತಾರೆ, ಯಾರು ಕಲಿಸುತ್ತಾರೆ ಎನ್ನುವುದು ನನ್ನ ಪ್ರಶ್ನೆ.

ನಾವು ಇಂಜಿನಿಯರಿಂಗ್ ಓದುವಾಗ ಐದು ವರ್ಷ ಕಲಿತದ್ದೆಲ್ಲ ಹೊಸದನ್ನು ಕಟ್ಟುವ ವಿದ್ಯೆ. ಅಣೆಕಟ್ಟು ಕಟ್ಟುವುದು ಹೇಗೆ, ಸೇತುವೆ ಕಟ್ಟುವುದು ಹೇಗೆ. ಕಟ್ಟಿದ್ದು ಹಳೆಯದಾದ ಮೇಲೆ ಅದನ್ನು ನೋಡಿಕೊಳ್ಳುವುದು ಹೇಗೆ ಎಂಬುದು ಪುಸ್ತಕದ ಕೊನೆಯ ಅಧ್ಯಾಯ. ಪರೀಕ್ಷೆಗೆ ಬರುವುದಿಲ್ಲ ಎಂದು ಮೇಷ್ಟ್ರೂ ಬಿಡುತ್ತಿದ್ದರು, ನಾವೂ ಬಿಡುತ್ತಿದ್ದೆವು. ಕೆಲಸಕ್ಕೆ ಸೇರಿದ ಮೇಲೆ ನೋಡಿದರೆ ನಮ್ಮ ಕೈಗೆ ಬಂದದ್ದೆಲ್ಲ ಹಳೆಯ ಕಟ್ಟಡಗಳೇ. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಜಲಾಶಯದ 19ನೇ ಗೇಟಿನ ಚೈನು ತುಂಡಾಗಿ ಗೇಟು ಕೊಚ್ಚಿಹೋದದ್ದು ನಿಮಗೆಲ್ಲ ನೆನಪಿದೆ. ಹರಿಯುವ ನೀರಿನಲ್ಲೇ ತಾತ್ಕಾಲಿಕ ಗೇಟು ಇಳಿಸಿ ಒಂದು ವಾರದಲ್ಲಿ ನೀರು ನಿಲ್ಲಿಸಿದರು. ಆ ಕೆಲಸಕ್ಕೆ ದಾರಿ ತೋರಿದವರು ಕನ್ನಯ್ಯ ನಾಯ್ಡು ಎಂಬ ನಿವೃತ್ತ ಗೇಟು ತಜ್ಞರು, ವಯಸ್ಸು ಎಂಬತ್ತರ ಆಸುಪಾಸು. ಹಳೆಯದನ್ನು ಅರಿತವರು ಎಷ್ಟು ಕಡಿಮೆ ಇದ್ದಾರೆ ಎಂದು ಆ ವಾರ ನಾಡಿಗೆಲ್ಲ ಗೊತ್ತಾಯಿತು.

ವೈದ್ಯವಿದ್ಯೆಯಲ್ಲೂ ಇದೇ ಕಥೆ. ಮಕ್ಕಳ ವೈದ್ಯಕ್ಕೆ ಬೇರೆ ವಿಭಾಗ, ಬೇರೆ ಪುಸ್ತಕ, ಬೇರೆ ಪರೀಕ್ಷೆ ಇದೆ. ಮುಪ್ಪಿನ ವೈದ್ಯಕ್ಕೆ ನಮ್ಮ ದೇಶದಲ್ಲಿ ಬಾಗಿಲು ತೆರೆದದ್ದು ಬಹಳ ತಡವಾಗಿ. ಮದ್ರಾಸಿನ ಸರ್ಕಾರಿ ಜನರಲ್ ಆಸ್ಪತ್ರೆಯಲ್ಲಿ ಡಾ. ವಿ.ಎಸ್. ನಟರಾಜನ್ ಅವರು 1978ರಲ್ಲಿ ಹಿರಿಯರಿಗಾಗಿಯೇ ಹೊರರೋಗಿ ವಿಭಾಗ ಶುರು ಮಾಡಿದರು. ಮದ್ರಾಸ್ ಮೆಡಿಕಲ್ ಕಾಲೇಜಿನಲ್ಲಿ ಈ ವಿಷಯದ ಎಂ.ಡಿ. ಆರಂಭವಾದದ್ದು 1996ರಲ್ಲಿ. ಎಂ.ಬಿ.ಬಿ.ಎಸ್. ಪಠ್ಯದಲ್ಲಿ ಹಿರಿಯರ ಆರೈಕೆಗೆ ಪ್ರತ್ಯೇಕ ಸ್ಥಾನ ಬಂದದ್ದು 2019ರ ಹೊಸ ಪಠ್ಯಕ್ರಮದಿಂದ ಈಚೆಗೆ. ಅಂದರೆ ಇವತ್ತು ನಮ್ಮ ಊರುಗಳಲ್ಲಿ ಕುಳಿತು ರೋಗಿ ನೋಡುತ್ತಿರುವ ಬಹುಪಾಲು ಡಾಕ್ಟರುಗಳು ಇದನ್ನು ಒಂದು ವಿಷಯವೆಂದು ಓದಿದವರೇ ಅಲ್ಲ. ಅವರ ತಪ್ಪಲ್ಲ, ಅವರಿಗೆ ಯಾರೂ ಕಲಿಸಲಿಲ್ಲ.

ಕಲಿಸಿದರೆ ಏನಾಗುತ್ತದೆ ಎಂಬುದಕ್ಕೆ ಹಳೆಯ ನಿದರ್ಶನವೊಂದಿದೆ. 1935ರಲ್ಲಿ ಲಂಡನ್ನಿನ ವೆಸ್ಟ್ ಮಿಡಲ್‌ಸೆಕ್ಸ್ ಆಸ್ಪತ್ರೆಗೆ ಪಕ್ಕದ ಅನಾಥಾಲಯದಂಥ ಬಡವರ ಆಸ್ಪತ್ರೆಯೊಂದನ್ನು ಸೇರಿಸಿದರು. ಅಲ್ಲಿ 714 ಜನ ವರ್ಷಗಟ್ಟಲೆಯಿಂದ ಮಲಗಿದ್ದರು. 'ಇವರದು ಮುಗಿಯಿತು' ಎಂದು ಬಿಟ್ಟವರು. ಮಾರ್ಜರಿ ವಾರೆನ್ ಎಂಬ ವೈದ್ಯೆ ಒಬ್ಬೊಬ್ಬರನ್ನೂ ಹಾಸಿಗೆಯ ಪಕ್ಕ ಕುಳಿತು ಪರೀಕ್ಷಿಸಿದರು. ಯಾರಿಗೆ ಏನು ರೋಗ, ಯಾರು ಬರೀ ಮಲಗಿ ಮಲಗಿ ಎದ್ದು ನಿಲ್ಲಲಾಗದಂತಾದವರು ಎಂದು ಬೇರ್ಪಡಿಸಿದರು. ಗೋಡೆಗೆ ಬಣ್ಣ ಬಳಿಸಿದರು, ದೀಪ ಹಾಕಿಸಿದರು, ಹಿಡಿಕೆ ಕೂಡಿಸಿದರು, ನರ್ಸುಗಳಿಗೆ ರೋಗಿಯನ್ನು ಎಬ್ಬಿಸಿ ನಿಲ್ಲಿಸುವುದನ್ನು ಕಲಿಸಿದರು. ಎಷ್ಟೋ ಜನ ನಡೆದು ಮನೆಗೆ ಹೋದರು. ಹಾಸಿಗೆಗಳ ಸಂಖ್ಯೆ 240ಕ್ಕೆ ಇಳಿಯಿತು. ಹೊಸ ಔಷಧಿ ಯಾವುದೂ ಅವರ ಕೈಯಲ್ಲಿ ಇರಲಿಲ್ಲ. ಇದ್ದದ್ದು ನೋಡುವ ಕಣ್ಣು ಮತ್ತು ಕಲಿಸುವ ತಾಳ್ಮೆ.

ಲೆಕ್ಕದ ಮಾತನ್ನು ಚಿಕ್ಕದಾಗಿ ಹೇಳಿ ಮುಂದೆ ಹೋಗುತ್ತೇನೆ. 2023ರ ಭಾರತದ ವೃದ್ಧಾಪ್ಯ ವರದಿಯಂತೆ 2022ರಲ್ಲಿ ನಮ್ಮ ದೇಶದಲ್ಲಿ 60 ದಾಟಿದವರು ಸುಮಾರು 14.9 ಕೋಟಿ. 2050ಕ್ಕೆ ಅದು 34.7 ಕೋಟಿ ಆಗುತ್ತದೆ ಎಂದು ಅಂದಾಜು. ಐದು ಜನರಲ್ಲಿ ಒಬ್ಬರು. 60 ದಾಟಿದವರಲ್ಲಿ ನೂರಕ್ಕೆ 7ಕ್ಕಿಂತ ಸ್ವಲ್ಪ ಹೆಚ್ಚು ಜನರಿಗೆ ಮರೆಗುಳಿತನದ ಕಾಯಿಲೆ, ಅಂದರೆ ಡಿಮೆನ್ಷಿಯಾ ಇದೆ ಎಂದು ದೇಶಮಟ್ಟದ ಅಧ್ಯಯನವೊಂದು ಹೇಳಿದೆ. ಈ ಸಭೆಯಲ್ಲಿ ಎಷ್ಟು ಬಿಳಿತಲೆಗಳಿವೆ ಎಂದು ನೋಡಿಕೊಂಡರೆ ಅಂಕಿಅಂಶ ಬೇಕಾಗುವುದಿಲ್ಲ. ನನ್ನದೂ ಸೇರಿಸಿಯೇ ಹೇಳುತ್ತಿದ್ದೇನೆ.

ಇನ್ನು ಕಲಿಸುವ ಬಗೆ. ವಿಮಾನ ಹಾರಿಸುವವನಿಗೆ ಮೊದಲು ನೆಲದ ಮೇಲೆಯೇ ಹಾರಿಸಲು ಕಲಿಸುತ್ತಾರೆ. ಎಡ್ವಿನ್ ಲಿಂಕ್ ಎಂಬಾತ 1929ರಲ್ಲಿ ಮರದ ಪೆಟ್ಟಿಗೆಯಂಥ ಒಂದು ಯಂತ್ರ ಮಾಡಿ ಅದರಲ್ಲಿ ಕೂತವರಿಗೆ ಹಾರಾಟದ ಅಭ್ಯಾಸ ಮಾಡಿಸಿದ. ತಪ್ಪಾದರೂ ಯಾರೂ ಸಾಯುವುದಿಲ್ಲ ಎಂಬುದೇ ಅದರ ಗುಣ. ಹಿರಿಯರ ಆರೈಕೆಯಲ್ಲಿ ಈ ಯುಕ್ತಿಯನ್ನು ಸ್ವಲ್ಪ ತಿರುಗಿಸಿ ಬಳಸಿದ್ದಾರೆ. ಅಮೆರಿಕದ ಎಂ.ಐ.ಟಿ. ಸಂಸ್ಥೆಯ ಏಜ್‌ಲ್ಯಾಬಿನಲ್ಲಿ ಆಗ್ನೆಸ್ ಎಂಬ ಉಡುಪು ತಯಾರಿಸಿದ್ದಾರೆ. ಅದನ್ನು ತೊಟ್ಟರೆ ಇಪ್ಪತ್ತೈದರ ಹುಡುಗನಿಗೆ ಎಪ್ಪತ್ತೈದರ ಮೈ ಬರುತ್ತದೆ. ಕೀಲು ಬಗ್ಗುವುದಿಲ್ಲ, ಕತ್ತು ತಿರುಗುವುದಿಲ್ಲ, ಕಣ್ಣಿಗೆ ಮಂಜು, ಪಾದದಡಿ ನೆಲ ಮೆತ್ತಗೆ ಓಲಾಡಿದಂತೆ. ಅದನ್ನು ತೊಟ್ಟು ಅಂಗಡಿಗೆ ಹೋಗು, ಡಬ್ಬಿಯ ಮೇಲಿನ ಅಕ್ಷರ ಓದು, ಕೆಳಗಿನ ಸಾಲಿನಿಂದ ಸಾಮಾನು ತೆಗೆ ಎನ್ನುತ್ತಾರೆ.

ಆ ಉಡುಪಿನ ಬೆಲೆ ಕೇಳಿ ಹೆದರುವುದು ಬೇಡ. ಇದನ್ನು ನಾವು ಮನೆಯಲ್ಲೇ ಮಾಡಬಹುದು. ಹಳೆಯ ಕನ್ನಡಕದ ಗಾಜಿಗೆ ಹಳದಿ ಜಿಲೇಟಿನ್ ಹಾಳೆ ಅಂಟಿಸಿ ಮೇಲೆ ತೆಳ್ಳಗೆ ವ್ಯಾಸಲಿನ್ ಬಳಿಯಿರಿ. ಕಿವಿಗೆ ಹತ್ತಿ ಇಡಿ. ಬೂಟಿನೊಳಗೆ ಒಂದು ಹಿಡಿ ಗೋವಿನಜೋಳದ ಕಾಳು ಹಾಕಿ. ಬೆರಳ ಗೆಣ್ಣುಗಳಿಗೆ ಪ್ಲಾಸ್ಟರ್ ಸುತ್ತಿ, ಮೊಣಕಾಲಿಗೆ ಬಿಗಿಯಾಗಿ ಪಟ್ಟಿ ಕಟ್ಟಿ. ಈಗ ನರ್ಸಿಂಗ್ ಓದುವ ಮಗುವಿಗೆ ಹೇಳಿ: ಈ ಚೀಟಿಯಲ್ಲಿರುವ ಆರು ಗುಳಿಗೆಗಳನ್ನು ಬೆಳಗಿನದು, ರಾತ್ರಿಯದು ಎಂದು ಬೇರೆ ಮಾಡು. ಬ್ಯಾಂಕಿನ ಚಲನ್ ತುಂಬು. ಕತ್ತಲಲ್ಲಿ ಎದ್ದು ಬಚ್ಚಲಿಗೆ ಹೋಗಿ ಬಾ. ಅರ್ಧ ಗಂಟೆ ಸಾಕು. ನಮ್ಮ ಬೀದಿಯ ನಾಲ್ಕು ಹುಡುಗಿಯರಿಗೆ ಇದನ್ನು ಮಾಡಿಸಿ ನೋಡಿದೆ. 'ಅಜ್ಜಾರ, ಗುಳಿಗಿ ಪಟ್ಟಿ ಹರಿಯೋದೇ ಆಗಂಗಿಲ್ರಿ' ಎಂದಳು ಒಬ್ಬಳು. ಅವಳು ಮುಂದೆ ಯಾವ ಮುದುಕಿಗೂ 'ಇಷ್ಟೂ ಗೊತ್ತಾಗೋದಿಲ್ಲೇನು' ಎಂದು ಗದರುವುದಿಲ್ಲ.

ಒಂದು ಮಾತು ಇಲ್ಲಿ ಸೇರಿಸಬೇಕು. ಈ ಉಡುಪಿನ ಬಗ್ಗೆ ಟೀಕೆಯೂ ಇದೆ. ಅರ್ಧ ಗಂಟೆ ಮುದುಕನಾದ ಹುಡುಗನಿಗೆ ಮುಪ್ಪೆಂದರೆ ಬರೀ ಕಷ್ಟ ಎಂಬ ಭಯ ಕೂರಬಹುದು. ಎಪ್ಪತ್ತು ವರ್ಷ ಬದುಕಿ ಆ ಕಷ್ಟದೊಂದಿಗೆ ಹೊಂದಿಕೊಂಡ ಜಾಣತನ ಉಡುಪಿನಲ್ಲಿ ಬರುವುದಿಲ್ಲ. ಅದಕ್ಕೇ ಅಮೆರಿಕದ ಕೆಲವು ವೈದ್ಯಕೀಯ ಕಾಲೇಜುಗಳಲ್ಲಿ ಒಬ್ಬೊಬ್ಬ ವಿದ್ಯಾರ್ಥಿಗೆ ಊರಿನ ಒಬ್ಬೊಬ್ಬ ಹಿರಿಯರನ್ನು ಗುರುಗಳನ್ನಾಗಿ ಜೋಡಿಸುತ್ತಾರೆ. ರೋಗಿಯಾಗಿ ಅಲ್ಲ, ಗುರುವಾಗಿ. ವಿದ್ಯಾರ್ಥಿ ಅವರ ಮನೆಗೆ ಹೋಗಬೇಕು, ಏನು ತಿನ್ನುತ್ತಾರೆ, ಹೇಗೆ ನಡೆಯುತ್ತಾರೆ, ಯಾವುದಕ್ಕೆ ಅಂಜುತ್ತಾರೆ ಕೇಳಬೇಕು. ನಮ್ಮಲ್ಲೂ ಎಂ.ಬಿ.ಬಿ.ಎಸ್. ವಿದ್ಯಾರ್ಥಿಗಳು ಹಳ್ಳಿಯ ಕೆಲವು ಕುಟುಂಬಗಳನ್ನು ದತ್ತು ತೆಗೆದುಕೊಂಡು ಓದಿನುದ್ದಕ್ಕೂ ನೋಡಬೇಕೆಂಬ ಕಾರ್ಯಕ್ರಮ ಇತ್ತೀಚೆಗೆ ಪಠ್ಯದಲ್ಲಿ ಸೇರಿದೆ. ಫೋಟೋ ತೆಗೆಸಿಕೊಂಡು ಬರುವುದಕ್ಕೆ ನಿಂತುಹೋಗದಿದ್ದರೆ ಅದೂ ಒಳ್ಳೆಯ ದಾರಿಯೇ.

ಕಿವಿಯ ವಿಷಯ ಸ್ವಲ್ಪ ಹೇಳುತ್ತೇನೆ, ಏಕೆಂದರೆ ದಿನವೂ ಎಲ್ಲರ ಮನೆಯಲ್ಲೂ ನಡೆಯುವ ಜಗಳ ಇದು. ವಯಸ್ಸಾದ ಮೇಲೆ ಕಿವಿ ಎಲ್ಲ ಶಬ್ದವನ್ನೂ ಒಂದೇ ಸಮ ಕಳೆದುಕೊಳ್ಳುವುದಿಲ್ಲ. ತೆಳು, ಏರುದನಿಯ ಶಬ್ದಗಳು ಮೊದಲು ಹೋಗುತ್ತವೆ. ಸ್ವರಗಳು ಕೇಳುತ್ತವೆ, ಆದರೆ ಸ, ಶ, ಕ, ತ, ಪ ಇವು ಅಳಿಸಿಹೋಗುತ್ತವೆ. ಕಾಲು, ಸಾಲು, ಶಾಲು, ಪಾಲು, ಹಾಲು ಐದೂ ಅಜ್ಜಿಗೆ ಒಂದೇ. 'ಕಾಲು ನೋಯ್ತದೇನು' ಎಂದರೆ 'ಹಾಲು ಆಗಲೇ ಕುಡಿದೆ' ಎನ್ನುತ್ತಾಳೆ. ನರ್ಸು ಅಜ್ಜಿಗೆ ತಲೆ ಕೆಟ್ಟಿದೆ ಎಂದು ಬರೆದುಕೊಳ್ಳುತ್ತಾಳೆ. ಕಿರುಚಿದರೆ ದನಿ ಇನ್ನಷ್ಟು ತೆಳುವಾಗಿ ಕೇಳಿಸುವುದು ಮತ್ತೂ ಕಡಿಮೆ. ಎದುರಿಗೆ ಕುಳಿತು, ತುಟಿ ಕಾಣುವಂತೆ, ದನಿ ತಗ್ಗಿಸಿ, ನಿಧಾನವಾಗಿ ಹೇಳಬೇಕು. ಇದನ್ನು ಕಲಿಯಲು ಹತ್ತು ನಿಮಿಷ ಸಾಕು. ಆ ಹತ್ತು ನಿಮಿಷ ಯಾವ ತರಗತಿಯಲ್ಲಿ ಇದೆ?

ಈಗ ನಮ್ಮ ಮನೆಯ ಒಂದು ಸಂಗತಿ. ನಮ್ಮ ತಾಯಿಯವರು 84ನೆಯ ವಯಸ್ಸಿನಲ್ಲಿ ಬಿದ್ದು ತೊಡೆಯ ಮೂಳೆ ಮುರಿದುಕೊಂಡರು. ದೊಡ್ಡ ಆಸ್ಪತ್ರೆಯೇ, ಹೆಸರು ಬೇಡ. ಶಸ್ತ್ರಚಿಕಿತ್ಸೆ ಚೆನ್ನಾಗಿ ಆಯಿತು. ಕಳೆದುಹೋಗಬಾರದೆಂದು ಅವರ ಕನ್ನಡಕ, ಶ್ರವಣಯಂತ್ರ ಎರಡನ್ನೂ ಆಸ್ಪತ್ರೆಯವರು ಲಾಕರಿನಲ್ಲಿ ಇಡಿಸಿದ್ದರು. ಮೂರನೆಯ ರಾತ್ರಿ ತೀರಿಹೋದ ತಮ್ಮ ಅಣ್ಣನನ್ನು ಕರೆಯಲು ಶುರು ಮಾಡಿದರು, ಸಲೈನಿನ ನಳಿಗೆ ಕಿತ್ತರು. ಕೈಗಳನ್ನು ಮಂಚಕ್ಕೆ ಕಟ್ಟಿದರು, ನಿದ್ದೆಯ ಇಂಜೆಕ್ಷನ್ ಕೊಟ್ಟರು. ಬೆಳಿಗ್ಗೆ 'ವಯಸ್ಸಾಯ್ತಲ್ಲ ಸರ್, ಅರಳುಮರಳು' ಎಂದರು. ಆ ರಾತ್ರಿಯ ನರ್ಸು ಇಪ್ಪತ್ತೆರಡರ ಹುಡುಗಿ, ಒಬ್ಬಳೇ ಇಡೀ ವಾರ್ಡು ನೋಡಬೇಕಿತ್ತು. ನನಗೆ ಅವಳ ಮೇಲೆ ಸಿಟ್ಟಿಲ್ಲ. ತಾಯಿಯವರ ಬುದ್ಧಿ ಹತ್ತು ದಿನಕ್ಕೆ ತಿಳಿಯಾಯಿತು, ಆದರೆ ಅವರು ತಾವಾಗಿ ಮತ್ತೆ ನಡೆಯಲಿಲ್ಲ. ಎರಡು ವರ್ಷ ಹಾಸಿಗೆಯಲ್ಲೇ ಇದ್ದು ಲಿಂಗೈಕ್ಯರಾದರು.

ಅದು ಅರಳುಮರಳು ಅಲ್ಲ. ಅದಕ್ಕೆ ಡೆಲಿರಿಯಂ ಎಂಬ ಹೆಸರಿದೆ. ಅರಳುಮರಳು ವರ್ಷಗಟ್ಟಲೆ ನಿಧಾನವಾಗಿ ಬರುತ್ತದೆ, ಇದು ಗಂಟೆಗಳಲ್ಲಿ, ದಿನಗಳಲ್ಲಿ ಬರುತ್ತದೆ, ಹಗಲು ಇಳಿಯುತ್ತದೆ, ರಾತ್ರಿ ಏರುತ್ತದೆ. ಸೋಂಕು, ನೀರಿನ ಕೊರತೆ, ಮಲಬದ್ಧತೆ, ನೋವು, ಔಷಧಿ, ಅಪರಿಚಿತ ಜಾಗ, ಕನ್ನಡಕ ಇಲ್ಲದಿರುವುದು ಇವೆಲ್ಲ ಕಾರಣಗಳು. ಇದನ್ನು ಗುರುತಿಸಲು ನಾಲ್ಕು ಅಂಶಗಳ ಒಂದು ಪರೀಕ್ಷೆಯನ್ನು ಅಮೆರಿಕದ ಡಾ. ಶರಾನ್ ಇನೋಯೆ ಎಂಬುವರು 1990ರಲ್ಲೇ ಮಾಡಿಕೊಟ್ಟಿದ್ದಾರೆ, ನರ್ಸುಗಳೂ ಮಾಡಬಹುದು. ಆಮೇಲೆ ಅವರು ಯೇಲ್ ವಿಶ್ವವಿದ್ಯಾಲಯದ ಆಸ್ಪತ್ರೆಯಲ್ಲಿ 70 ದಾಟಿದ 852 ರೋಗಿಗಳ ಮೇಲೆ ಒಂದು ಪ್ರಯೋಗ ಮಾಡಿದರು. ಔಷಧಿಯ ಪ್ರಯೋಗವಲ್ಲ. ತರಬೇತಿ ಪಡೆದ ಸ್ವಯಂಸೇವಕರು ದಿನವೂ ಬಂದು ಇವತ್ತು ಯಾವ ವಾರ, ನೀವು ಎಲ್ಲಿದ್ದೀರಿ ಎಂದು ಮಾತಾಡಿಸುವುದು, ಕನ್ನಡಕ ಹಾಕಿಸುವುದು, ಶ್ರವಣಯಂತ್ರ ಹಚ್ಚುವುದು, ನೀರು ಕುಡಿಸುವುದು, ಹಿಡಿದು ನಡೆಸುವುದು. ರಾತ್ರಿ ನಿದ್ದೆ ಗುಳಿಗೆಯ ಬದಲು ಬಿಸಿ ಹಾಲು, ಬೆನ್ನು ತಿಕ್ಕುವುದು, ವಾರ್ಡಿನಲ್ಲಿ ಗದ್ದಲ ಕಡಿಮೆ ಮಾಡುವುದು. 1999ರಲ್ಲಿ ಫಲಿತಾಂಶ ಬಂತು. ಸಾಮಾನ್ಯ ಆರೈಕೆಯಲ್ಲಿ ನೂರಕ್ಕೆ 15 ಜನರಿಗೆ ಡೆಲಿರಿಯಂ ಬಂದರೆ, ಈ ಆರೈಕೆಯಲ್ಲಿ 9.9 ಜನರಿಗೆ. ಮೂರರಲ್ಲಿ ಒಂದು ಪಾಲು ತಪ್ಪಿತು. ಬಿಸಿ ಹಾಲು, ಬೆನ್ನು ತಿಕ್ಕುವುದು. ನಮ್ಮ ಅಜ್ಜಿಯರಿಗೆ ಗೊತ್ತಿದ್ದದ್ದನ್ನು ಅವರು ಅಳೆದು ತೋರಿಸಿದರು. ಅಳೆಯದೆ ನಂಬಬಾರದು ಎಂಬುದು ನನ್ನ ವೃತ್ತಿಯ ಚಟ, ಆದ್ದರಿಂದ ಈ ಅಂಕಿ ನನಗೆ ಮುಖ್ಯ.

ಮಲಗಿಸಿಡುವುದರ ಲೆಕ್ಕವೂ ಇದೆ. ಆರೋಗ್ಯವಂತ ಹಿರಿಯರನ್ನೇ 10 ದಿನ ಹಾಸಿಗೆಯಲ್ಲಿ ಮಲಗಿಸಿ ಅಳೆದಾಗ ಕಾಲುಗಳ ಸ್ನಾಯು ಸುಮಾರು ಒಂದು ಕಿಲೋ ಕರಗಿತ್ತು. ರೋಗವಿಲ್ಲದವರ ಕಥೆ ಇದು. ನಾವೋ 'ಪಾಪ, ವಯಸ್ಸಾಗಿದೆ, ಏಳಬೇಡಿ' ಎಂದು ಪ್ರೀತಿಯಿಂದ ಹೇಳುತ್ತೇವೆ.

ನಡಿಗೆ ಅಳೆಯುವ ಸುಲಭ ಪರೀಕ್ಷೆಯನ್ನು ಇಲ್ಲೇ ಮಾಡಬಹುದು. ಕುರ್ಚಿಯಿಂದ ಎದ್ದು, ಮೂರು ಮೀಟರ್ ನಡೆದು, ತಿರುಗಿ ಬಂದು ಕೂರಬೇಕು. 12 ಸೆಕೆಂಡಿಗಿಂತ ಹೆಚ್ಚು ಹಿಡಿದರೆ ಬೀಳುವ ಅಪಾಯವಿದೆ ಎಂದು ಲೆಕ್ಕ. 1991ರಿಂದ ಜಗತ್ತಿನ ಎಲ್ಲೆಡೆ ಬಳಸುತ್ತಾರೆ. ಬೇಕಾದದ್ದು ಒಂದು ಕುರ್ಚಿ, ಒಂದು ಗಡಿಯಾರ. ಆಶಾ ಕಾರ್ಯಕರ್ತೆಗೆ ಇದನ್ನು ಕಲಿಸಲು ಎಷ್ಟು ಹೊತ್ತು ಬೇಕು ಹೇಳಿ.

ಅಮೆರಿಕದಲ್ಲಿ 2017ರಿಂದ ಆಸ್ಪತ್ರೆಗಳಿಗೆ ಕಲಿಸುವ ನಾಲ್ಕು ಸೂತ್ರಗಳಿವೆ. ಈ ಹಿರಿಯರಿಗೆ ಮುಖ್ಯವಾದದ್ದು ಏನು, ಅವರ ಮದ್ದು, ಅವರ ಮನಸ್ಸು, ಅವರ ನಡಿಗೆ. ಇಂಗ್ಲಿಷಿನಲ್ಲಿ ನಾಲ್ಕೂ ಒಂದೇ ಅಕ್ಷರದಿಂದ ಶುರುವಾಗುತ್ತವೆ. ಕನ್ನಡದಲ್ಲಿ ಮೂರು ಮಕಾರ ಸಿಕ್ಕಿವೆ, ನಡಿಗೆಯೊಂದು ಒಲ್ಲೆನೆಂದಿದೆ. ಮೊದಲನೆಯದೇ ಎಲ್ಲಕ್ಕಿಂತ ಕಠಿಣ. ನಮ್ಮ ಮನೆಗಳಲ್ಲಿ ಅಪ್ಪನಿಗೆ ಮುಖ್ಯವಾದದ್ದು ಏನೆಂದು ಮಗ ಹೇಳುತ್ತಾನೆ, ಅಪ್ಪನನ್ನು ಕೇಳುವುದಿಲ್ಲ.

ಮದ್ದಿನ ವಿಷಯಕ್ಕೆ ಒಂದೇ ಉದಾಹರಣೆ. ಮೂತ್ರಪಿಂಡದ ಕೆಲಸ ನೋಡಲು ರಕ್ತದಲ್ಲಿ ಕ್ರಿಯಾಟಿನಿನ್ ಅಳೆಯುತ್ತಾರೆ. ಅದು ಸ್ನಾಯುವಿನಿಂದ ಬರುವ ವಸ್ತು. ಬಡಕಲಾದ ಅಜ್ಜಿಗೆ ಸ್ನಾಯುವೇ ಕಡಿಮೆ, ಹಾಗಾಗಿ ಮೂತ್ರಪಿಂಡ ಅರ್ಧ ಸೋತಿದ್ದರೂ ರಿಪೋರ್ಟಿನಲ್ಲಿ ಅಂಕಿ ಸರಿಯಾಗಿಯೇ ಕಾಣುತ್ತದೆ. ಒಳಹರಿವೂ ಕಡಿಮೆ, ಹೊರಹರಿವೂ ಕಡಿಮೆ ಆದಾಗ ಕೆರೆಯ ಮಟ್ಟ ಬದಲಾಗದ ಹಾಗೆ. ವಯಸ್ಸು, ತೂಕ ಸೇರಿಸಿ ಲೆಕ್ಕ ಹಾಕಿದರೇ ನಿಜ ತಿಳಿಯುವುದು. ಹಿರಿಯರಿಗೆ ಆದಷ್ಟು ಕೊಡಬಾರದ ಔಷಧಿಗಳ ಪಟ್ಟಿಯೊಂದನ್ನು ಮಾರ್ಕ್ ಬಿಯರ್ಸ್ ಎಂಬ ವೈದ್ಯರು 1991ರಲ್ಲಿ ಮಾಡಿದರು, ಅದನ್ನು ಆಗಾಗ ಪರಿಷ್ಕರಿಸುತ್ತಾರೆ, 2023ರಲ್ಲೂ ಮಾಡಿದ್ದಾರೆ. ಕೆಲವು ಸಾಮಾನ್ಯ ನಿದ್ದೆ ಗುಳಿಗೆಗಳು, ನೆಗಡಿ ಗುಳಿಗೆಗಳು ಅದರಲ್ಲಿವೆ. ಔಷಧಿ ಅಂಗಡಿಯವರು, ನರ್ಸುಗಳು ಇದನ್ನು ಓದಿಕೊಂಡಿದ್ದರೆ ಡಾಕ್ಟರಿಗೆ ಒಂದು ಮಾತು ನೆನಪಿಸಬಹುದು.

ಇಷ್ಟೆಲ್ಲ ತಿಳಿದ ತಜ್ಞರು ದೊಡ್ಡ ಊರಲ್ಲಿ ಬೆರಳೆಣಿಕೆಯಷ್ಟು. ಹುನಗುಂದಕ್ಕೆ, ಸವದತ್ತಿಗೆ ಅವರು ಬರುವುದು ಹೇಗೆ? ಇದಕ್ಕೆ ಭಾರತೀಯ ಮೂಲದ ವೈದ್ಯರೊಬ್ಬರು ಒಂದು ಯುಕ್ತಿ ಕಂಡುಹಿಡಿದರು. ಅಮೆರಿಕದ ನ್ಯೂ ಮೆಕ್ಸಿಕೊ ವಿಶ್ವವಿದ್ಯಾಲಯದ ಡಾ. ಸಂಜೀವ್ ಅರೋರಾ ಅವರ ಹತ್ತಿರ ಹೆಪಟೈಟಿಸ್ ಸಿ ರೋಗಿಗಳು ಎಂಟು ತಿಂಗಳು ಕಾಯಬೇಕಿತ್ತು. 2003ರಲ್ಲಿ ಅವರು ಎಕೋ ಎಂಬ ಕಾರ್ಯಕ್ರಮ ಶುರು ಮಾಡಿದರು. ರೋಗಿಯನ್ನು ಪಟ್ಟಣಕ್ಕೆ ಕರೆಸುವ ಬದಲು ವಿದ್ಯೆಯನ್ನು ಹಳ್ಳಿಗೆ ಕಳಿಸುವುದು. ವಾರಕ್ಕೊಮ್ಮೆ ಹಳ್ಳಿಗಳ ವೈದ್ಯರು, ನರ್ಸುಗಳು ವಿಡಿಯೋದಲ್ಲಿ ಸೇರುತ್ತಾರೆ. ಒಬ್ಬರು ತಮ್ಮ ನಿಜವಾದ ಒಬ್ಬ ರೋಗಿಯ ವಿಷಯ ಇಡುತ್ತಾರೆ, ಹೆಸರಿಲ್ಲದೆ. ತಜ್ಞರು ಉಪನ್ಯಾಸ ಹೊಡೆಯುವುದಿಲ್ಲ, ಪ್ರಶ್ನೆ ಕೇಳುತ್ತಾರೆ, ಎಲ್ಲರೂ ಕೂಡಿ ದಾರಿ ಹುಡುಕುತ್ತಾರೆ. ಒಬ್ಬರ ರೋಗಿಯಿಂದ ಇಪ್ಪತ್ತು ಊರು ಕಲಿಯುತ್ತದೆ. 2011ರಲ್ಲಿ ಹೋಲಿಸಿ ನೋಡಿದರೆ ವಿಶ್ವವಿದ್ಯಾಲಯದಲ್ಲಿ ವಾಸಿಯಾದವರು ನೂರಕ್ಕೆ 57.5, ಹಳ್ಳಿಯ ಕೇಂದ್ರಗಳಲ್ಲಿ 58.2. ನಮ್ಮ ನಿಮ್ಹಾನ್ಸ್ ಕೂಡ ಈ ಮಾದರಿಯಲ್ಲಿ ತರಬೇತಿ ಕೊಡುತ್ತಿದೆ. ಕೂಡಿ ಕುಳಿತು ಅನುಭವ ಹಂಚಿಕೊಂಡು ಕಲಿಯುವುದು ನಮಗೆ ಹೊಸದೇನಲ್ಲ. ನಮ್ಮ ಗೋಷ್ಠಿಗಳಲ್ಲಿ ಮಾತ್ರ ಒಬ್ಬರೇ ಮಾತಾಡುವುದು ಹೆಚ್ಚಾಗಿದೆ, ಈಗ ನಾನು ಮಾಡುತ್ತಿರುವ ಹಾಗೆ.

ಫ್ರಾನ್ಸಿನಲ್ಲಿ ಈವ್ ಜಿನೆಸ್ತ್ ಮತ್ತು ರೊಸೆತ್ ಮಾರೆಸ್ಕೋತಿ ಎಂಬ ಇಬ್ಬರು ದೈಹಿಕ ಶಿಕ್ಷಣದ ಮೇಷ್ಟ್ರುಗಳಿದ್ದರು. 1979ರಲ್ಲಿ ಅವರನ್ನು ಆಸ್ಪತ್ರೆಗೆ ಕರೆದದ್ದು ರೋಗಿಗಳನ್ನು ಎತ್ತಿ ಎತ್ತಿ ಸಿಬ್ಬಂದಿಯ ಬೆನ್ನು ಹೋಗಬಾರದೆಂದು ಕಲಿಸಲಿಕ್ಕೆ. ಅಲ್ಲಿ ಅವರು ಕಂಡದ್ದು, ನಿಲ್ಲಬಲ್ಲ ರೋಗಿಗಳನ್ನೂ ಮೂಟೆಯ ಹಾಗೆ ಎತ್ತುತ್ತಿದ್ದಾರೆ ಎಂಬುದನ್ನು. ಅವರು ನಾಲ್ಕು ವಿದ್ಯೆ ಕಲಿಸಿದರು: ನೋಡುವುದು, ಮಾತಾಡುವುದು, ಮುಟ್ಟುವುದು, ನಿಲ್ಲಿಸುವುದು. ಎದುರಿನಿಂದ ಬಂದು ಕಣ್ಣಿನ ಮಟ್ಟಕ್ಕೆ ಬಗ್ಗಿ ನೋಡಬೇಕು. ಉತ್ತರ ಬರದಿದ್ದರೂ 'ಈಗ ಎಡಗೈ ತೊಳೆಯುತ್ತೇನೆ, ನೀರು ಬೆಚ್ಚಗಿದೆ' ಎಂದು ಹೇಳುತ್ತ ಇರಬೇಕು. ಮಣಿಕಟ್ಟನ್ನು ಮೇಲಿನಿಂದ ಹಿಡಿಯಬಾರದು, ಅದು ಪೊಲೀಸಿನವರ ಹಿಡಿತ. ಅಂಗೈ ಅಗಲಿಸಿ ಕೆಳಗಿನಿಂದ ಆಧಾರ ಕೊಡಬೇಕು. ದಿನಕ್ಕೆ ಒಟ್ಟು 20 ನಿಮಿಷ ಹೇಗಾದರೂ ನಿಲ್ಲಿಸಬೇಕು ಎಂಬುದು ಅವರ ನಿಯಮ. ಜಪಾನಿನ ಆಸ್ಪತ್ರೆಗಳೂ ಇದನ್ನು ಕಲಿಯುತ್ತಿವೆ. ಕಲಿಯುವವರು ಸ್ನಾನ ಮಾಡಿಸುವುದನ್ನು ವಿಡಿಯೋ ಹಿಡಿದು, ಎಷ್ಟು ಸಲ ಕಣ್ಣು ನೋಡಿದಿರಿ, ಎಷ್ಟು ಹೊತ್ತು ಮಾತಿಲ್ಲದೆ ತಿಕ್ಕಿದಿರಿ ಎಂದು ಎಣಿಸಿ ತೋರಿಸುತ್ತಾರೆ. ಕ್ರಿಕೆಟ್ ಆಟಗಾರನಿಗೆ ಅವನ ಹೊಡೆತ ತೋರಿಸಿದ ಹಾಗೆ.

ದೂರ ಯಾಕೆ, ಪಕ್ಕದ ಕೇರಳ ನೋಡಿ. ಕಲ್ಲಿಕೋಟೆಯ ಮೆಡಿಕಲ್ ಕಾಲೇಜಿನಲ್ಲಿ 1993ರಲ್ಲಿ ಡಾ. ಎಂ.ಆರ್. ರಾಜಗೋಪಾಲ್, ಡಾ. ಸುರೇಶ್ ಕುಮಾರ್ ಮೊದಲಾದವರು ನೋವು ಪರಿಹಾರದ ಒಂದು ಸಣ್ಣ ಚಿಕಿತ್ಸಾಲಯ ತೆರೆದರು. ಅಲ್ಲಿಂದ ಬೆಳೆದದ್ದು ನೆರೆಹೊರೆಯ ಜಾಲ. ಊರಿನ ಅಂಗಡಿಯವರು, ಮೇಷ್ಟ್ರು, ಆಟೋ ಓಡಿಸುವವರು ಸುಮಾರು 16 ಗಂಟೆ ತರಗತಿ ಕೇಳಿ, ನಾಲ್ಕು ದಿನ ನರ್ಸುಗಳ ಜೊತೆ ಮನೆಮನೆಗೆ ಹೋಗಿ ಕಲಿತು, ವಾರಕ್ಕೆ ಒಂದೆರಡು ಗಂಟೆ ಹಾಸಿಗೆ ಹಿಡಿದವರ ಮನೆಗೆ ಹೋಗುತ್ತಾರೆ. 2008ರಲ್ಲಿ ಕೇರಳ ಸರ್ಕಾರ ಇದಕ್ಕೆ ನೀತಿಯನ್ನೇ ಮಾಡಿತು. ಅವರಿಗೆ ಸಾಧ್ಯವಾದದ್ದು ನಮಗೆ ಯಾಕೆ ಆಗಿಲ್ಲ ಎಂದು ಕೇಳಿದರೆ, 'ಅಲ್ಲಿ ಸಾಕ್ಷರತೆ ಹೆಚ್ಚು' ಎನ್ನುತ್ತಾರೆ. ಇರಬಹುದು. ಆದರೆ ನಮ್ಮಲ್ಲಿ ಮಠಗಳಿವೆ. ಸಾವಿರಾರು ಜನರಿಗೆ ಹೊತ್ತಿಗೆ ಸರಿಯಾಗಿ ಪ್ರಸಾದ ಮಾಡಿ ಬಡಿಸುವ ಶಿಸ್ತು ಇರುವ ಜಾಗಕ್ಕೆ 16 ಗಂಟೆಯ ತರಗತಿ ನಡೆಸುವುದು ದೊಡ್ಡದಲ್ಲ. ಕೆ.ಎಲ್.ಇ., ಜೆ.ಎಸ್.ಎಸ್., ಬಿ.ಎಲ್.ಡಿ.ಇ. ಇಂಥ ನಮ್ಮ ಸಂಸ್ಥೆಗಳಲ್ಲಿ ಮೆಡಿಕಲ್ ಕಾಲೇಜುಗಳಿವೆ, ನರ್ಸಿಂಗ್ ಕಾಲೇಜುಗಳಿವೆ.

ಈಗ ಕಹಿ ಮಾತು. ಮಕ್ಕಳು ಬೆಂಗಳೂರು, ಪುಣೆ, ಅಮೆರಿಕದಲ್ಲಿದ್ದಾರೆ. ಹಾಸಿಗೆ ಹಿಡಿದ ಅಪ್ಪ ಅಮ್ಮನನ್ನು ನೋಡಿಕೊಳ್ಳಲು ಏಜೆನ್ಸಿಯಿಂದ ಒಬ್ಬ ಹುಡುಗಿ ಬರುತ್ತಾಳೆ. ಎಷ್ಟೋ ಸಲ ಅವಳಿಗೆ ತರಬೇತಿ ಎಂದರೆ ಎರಡು ದಿನದ ಸೂಚನೆ, ಸಮವಸ್ತ್ರ, ಬಸ್ ಟಿಕೆಟ್. ನಾವು ಕೊಡುವ ಹಣದಲ್ಲಿ ಏಜೆನ್ಸಿಗೆ ಎಷ್ಟು, ಅವಳಿಗೆ ಎಷ್ಟು ಎಂದು ನಾವು ಕೇಳುವುದಿಲ್ಲ. ಅವಳು ನಮ್ಮ ತಾಯಿಯ ಮೈ ಒರೆಸುತ್ತಾಳೆ, ಮಲ ಬಳಿಯುತ್ತಾಳೆ, ರಾತ್ರಿ ನಾಲ್ಕು ಸಲ ಏಳುತ್ತಾಳೆ. ಆದರೆ ಅವಳ ತಟ್ಟೆ ಬೇರೆ. ಅಡಿಗೆಮನೆಗೆ ಬರಬಾರದು. ಅವಳ ಜಾತಿ ಯಾವುದು ಎಂದು ಏಜೆನ್ಸಿಯವನನ್ನು ಫೋನಿನಲ್ಲೇ ಕೇಳಿದ ಲಿಂಗವಂತರ ಮನೆಗಳನ್ನು ನಾನು ಬಲ್ಲೆ. ಮನೆಯ ಗೋಡೆಯ ಮೇಲೆ ಬಸವಣ್ಣನವರ ಪಟ ಇದೆ. ಅನುಭವ ಮಂಟಪದಲ್ಲಿ ಮಡಿವಾಳ ಮಾಚಿದೇವರು, ಕಸಗುಡಿಸುವ ಕಾಯಕದ ಸತ್ಯಕ್ಕ, ವೈದ್ಯ ಕಾಯಕದ ಸಂಗಣ್ಣ ಎಲ್ಲರೂ ವಚನ ಬರೆದವರು. ಪ್ರತಿ ಜಯಂತಿಗೂ ಅವರ ಹೆಸರು ಹೇಳುತ್ತೇವೆ. ನಮ್ಮ ತಾಯಿಯ ಮೈ ತೊಳೆಯುವ ಕೈಗೆ ನಮ್ಮ ಮನೆಯ ನೀರಿನ ತಂಬಿಗೆ ಮುಟ್ಟಲು ಬಿಡದಿದ್ದರೆ ಆ ಭಾಷಣ ಯಾರಿಗೆ?

ತರಬೇತಿ ಅವಳಿಗೆ ಮಾತ್ರ ಅಲ್ಲ, ಮನೆಯವರಿಗೂ ಬೇಕು ಎನ್ನುವುದು ಇದಕ್ಕೇ. 'ಮಕ್ಕಳೇ ನೋಡಿಕೊಳ್ಳಬೇಕು, ಬಾಡಿಗೆಗೆ ಜನ ಇಡಬಾರದು' ಎನ್ನುವ ಹಿರಿಯರಿದ್ದಾರೆ. ಸರಿ, ಆದರೆ ಮಕ್ಕಳು ಎಂದರೆ ಯಾರು? ಮಗ ಎಂದು ಹೇಳಿ ಸೊಸೆಯ ಕೈಗೆ ಕೊಡುತ್ತೇವೆ. ಅವಳಿಗೂ ಬೆನ್ನಿದೆ, ನಿದ್ದೆ ಬೇಕು. ಆದ್ದರಿಂದ ನನ್ನ ಸಲಹೆಯಲ್ಲಿ ಅರ್ಧ ಸೀಟು ಗಂಡಸರಿಗೆ.

ಸಲಹೆ ಇಷ್ಟು. ಶ್ರೀಮಠದ ಸಂಸ್ಥೆಯ ಆಶ್ರಯದಲ್ಲಿ ಆರು ವಾರದ ಒಂದು ತರಬೇತಿ. ಎಸ್.ಎಸ್.ಎಲ್.ಸಿ. ಆದವರು ಸಾಕು, ಯಾವ ಜಾತಿ ಎಂಬ ಕಲಂ ಅರ್ಜಿಯಲ್ಲಿ ಇರಬಾರದು. ಕಲಿಸುವವರು ಅನುಭವಿ ನರ್ಸುಗಳು ಮತ್ತು ವಾರಕ್ಕೆರಡು ದಿನ ನಮ್ಮ ಊರಿನ ಹಿರಿಯರೇ. ವಾರಕ್ಕೊಮ್ಮೆ ತಜ್ಞ ವೈದ್ಯರೊಂದಿಗೆ ವಿಡಿಯೋ, ಎಕೋ ಮಾದರಿಯಲ್ಲಿ, ಕನ್ನಡದಲ್ಲಿ. ಬಚ್ಚಲು ಮತ್ತು ಮಲಗುವ ಕೋಣೆಯ ಒಂದು ಮಾದರಿಯನ್ನು ಕಟ್ಟಿಕೊಡುವ ಹೊಣೆ ನನ್ನದು. ಅರವತ್ತು ದಾಟಿದ ಕಣ್ಣಿನ ಒಳಪರದೆಗೆ ತಲುಪುವ ಬೆಳಕು ಇಪ್ಪತ್ತರ ಕಣ್ಣಿಗೆ ಹೋಲಿಸಿದರೆ ಮೂರನೇ ಒಂದರಷ್ಟೇ. ಬಿಳಿ ಟೈಲಿನ ಮೇಲೆ ಬಿಳಿ ಕಮೋಡು ಇಟ್ಟರೆ ಅದು ಎಲ್ಲಿ ಮುಗಿಯುತ್ತದೆ ಎಂದು ಅವರಿಗೆ ಕಾಣುವುದಿಲ್ಲ. ಹಿಡಿಕೆ ಎಲ್ಲಿರಬೇಕು, ಇಳಿಜಾರು 12 ಅಡಿಗೆ ಒಂದು ಅಡಿಗಿಂತ ಹೆಚ್ಚು ಏಕೆ ಇರಬಾರದು, ಗಾಲಿಕುರ್ಚಿ ತಿರುಗಲು ಎಷ್ಟು ಜಾಗ ಬೇಕು, ಇದನ್ನು ಹುಡುಗರು ಕೈಯಿಂದ ಮುಟ್ಟಿ, ಬೂಟಿನಲ್ಲಿ ಜೋಳ ಹಾಕಿಕೊಂಡು ನಡೆದು ಕಲಿಯಬೇಕು. ನನ್ನ ಜೊತೆ ನಿವೃತ್ತರಾದ ಇಬ್ಬರು ಮೇಸ್ತ್ರಿಗಳು ಬರಲು ಒಪ್ಪಿದ್ದಾರೆ. ಸಾಮಾನಿನ ಖರ್ಚಿನ ಅಂದಾಜುಪಟ್ಟಿಯನ್ನು ಪೂಜ್ಯರ ಕೈಗೆ ಕೊಟ್ಟಿದ್ದೇನೆ.

ಕಲಿತು ಹೊರಬಂದವರನ್ನು ಕೆಲಸಕ್ಕೆ ಕರೆಯುವ ಮನೆ ಒಂದು ಕಾಗದಕ್ಕೆ ಸಹಿ ಹಾಕಬೇಕು. ಸಂಬಳ ನೇರವಾಗಿ ಅವರ ಖಾತೆಗೆ. ವಾರಕ್ಕೊಂದು ರಜೆ. ರಾತ್ರಿ ಕೆಲಸಕ್ಕೆ ಬೇರೆ ಲೆಕ್ಕ. ಮಲಗಲು ಮಂಚ. ಮನೆಯವರು ಉಣ್ಣುವ ಪಂಕ್ತಿಯಲ್ಲೇ ಊಟ. ಕೊನೆಯ ಷರತ್ತನ್ನು ತೆಗೆದುಬಿಡಿ, ಇಲ್ಲದಿದ್ದರೆ ಯಾರೂ ಸಹಿ ಹಾಕುವುದಿಲ್ಲ ಎಂದು ಒಬ್ಬ ಸ್ನೇಹಿತರು ಹೇಳಿದರು. ತೆಗೆಯುವುದಿಲ್ಲ ಎಂದಿದ್ದೇನೆ. ಪೂಜ್ಯರೂ ಬೇಡ ಎಂದಿಲ್ಲ.

ಮುಂದಿನ ತಿಂಗಳ ಗೋಷ್ಠಿಗೆ ಬರುವಾಗ ಮನೆಯ ಹಿರಿಯರ ಔಷಧಿ ಚೀಲವನ್ನು ಹಾಗೇ ತನ್ನಿ, ಮುಗಿದ ಪಟ್ಟಿಗಳನ್ನೂ ಸೇರಿಸಿ. ಔಷಧಶಾಸ್ತ್ರ ಓದಿದ ಇಬ್ಬರು ತರುಣರು ಕುಳಿತು ಒಂದೇ ಗುಳಿಗೆ ಎರಡು ಹೆಸರಿನಲ್ಲಿ ಇದೆಯೇ, ಅವಧಿ ಮೀರಿದೆಯೇ ಎಂದು ಪಟ್ಟಿ ಮಾಡಿಕೊಡುತ್ತಾರೆ. ಅದನ್ನು ನಿಮ್ಮ ಡಾಕ್ಟರಿಗೆ ತೋರಿಸಿ. ಮೊದಲ ತಂಡಕ್ಕೆ ಹನ್ನೆರಡು ಜನ ಬೇಕು, ಗುರುಗಳಾಗಿ ಕೂರಲು ಎಂಟು ಜನ ಹಿರಿಯರು ಬೇಕು. ಹೆಸರು ಬರೆಸುವ ಪುಸ್ತಕ ದಾಸೋಹದ ಬಾಗಿಲ ಬಳಿ ಮೇಜಿನ ಮೇಲಿದೆ. ಗಂಡಸರ ಪುಟ ಈಗ ಖಾಲಿ ಇದೆ, ಅದನ್ನು ನೋಡಿಕೊಂಡೇ ಇಲ್ಲಿಗೆ ಬಂದೆ.